ಮೇನ್ ಲೈನ್ ಬಿದ್ದರೂ ಬ್ಯಾಕಪ್ ಯಾಕೆ ಏಳಲಿಲ್ಲ?

ಓದುಗರ ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯಲ್ಲಿ ಸಣ್ಣ ಇಂಟರ್ನೆಟ್ ಸೇವೆ. ಸ್ವಂತ ಎಎಸ್ ನಂಬರ್ (ಇಂಟರ್ನೆಟ್‌ನಲ್ಲಿ ನಮ್ಮ ನೆಟ್‌ವರ್ಕ್‌ನ ಗುರುತು) ಇದೆ, ಒಂದು /24 ಐಪಿ ಬ್ಲಾಕ್ (256 ವಿಳಾಸ) ಇದೆ. ಬೆಂಗಳೂರಿನಿಂದ ಎರಡು ಲೈನ್ ಬರುತ್ತವೆ. ಮೇನ್ ಲೈನ್ ದೊಡ್ಡದು, ತಿಂಗಳಿಗೆ ಇಷ್ಟು ಅಂತ ಬಾಡಿಗೆ. ಬ್ಯಾಕಪ್ ಚಿಕ್ಕದು, ಬಳಕೆ ನೋಡಿ 95 ಪರ್ಸೆಂಟೈಲ್ ಲೆಕ್ಕದಲ್ಲಿ ಬಿಲ್. ಬ್ಯಾಕಪ್ ಕಡೆ ಆರು ಸಲ ಪ್ರಿಪೆಂಡ್ ಮಾಡಿದರೂ (ದಾರಿ ಉದ್ದ ಕಾಣಲಿ ಅಂತ ನಮ್ಮ ಎಎಸ್ ನಂಬರನ್ನೇ ಮತ್ತೆ ಮತ್ತೆ ಸೇರಿಸಿದರೂ) ಟ್ರಾಫಿಕ್ ಅದರಲ್ಲೇ ಬರುತ್ತಿತ್ತು. ಕೊನೆಗೆ ಕಂಡೀಷನಲ್ ಅಡ್ವರ್ಟೈಸ್‌ಮೆಂಟ್ ಹಾಕಿದೆ. ಡೀಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ ಎಲ್ಲದಕ್ಕೂ ಬಳಸುವ ದಾರಿ) ಇಲ್ಲದಿದ್ದಾಗ ಮಾತ್ರ ಬ್ಯಾಕಪ್‌ನಲ್ಲಿ ನಮ್ಮ /24 ಅನೌನ್ಸ್ ಆಗಲಿ, ಅಂದರೆ ಈ ವಿಳಾಸಗಳಿಗೆ ಇಲ್ಲಿಂದ ಬನ್ನಿ ಅಂತ ಹೊರಗೆ ಗೊತ್ತಾಗಲಿ ಅಂತ. ಬಿಲ್ ಇಳಿಯಿತು. ಆದರೆ ಕಳೆದ ತಿಂಗಳು ಫೈಬರ್ ಕಟ್ ಆದಾಗ ಬ್ಯಾಕಪ್ ಏಳಲೇ ಇಲ್ಲ. ವಿಚಿತ್ರ ಅಂದರೆ ರೂಟರ್‌ನಿಂದ ಗೂಗಲ್‌ನ 8.8.8.8ಗೆ ಪಿಂಗ್ ಹೋಗುತ್ತಿತ್ತು, ಗ್ರಾಹಕರಿಗೆ ಮಾತ್ರ ಏನೂ ಓಪನ್ ಆಗುತ್ತಿರಲಿಲ್ಲ. ಎರಡು ಗಂಟೆ ಫೋನ್ ಮೇಲೆ ಫೋನ್. ಎಲ್ಲಿ ತಪ್ಪಿದೆ? ಐಪಿವಿ6ಗೂ ಇದನ್ನೇ ಮಾಡಬಹುದಾ?

ಉತ್ತರ: ನಿಮ್ಮ ರೂಟರ್ ಹೇಳಿದ ಮಾತು ಕೇಳಿದೆ. ತೊಂದರೆ ಆಗಿದ್ದೇ ಅದರಿಂದ.

ನೀವು ಹೇಳಿದ್ದು ಇಷ್ಟು: ಬಿಜಿಪಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ತಿಳಿಸುವ ಪ್ರೋಟೋಕಾಲ್) ಟೇಬಲ್‌ನಲ್ಲಿ 0.0.0.0/0, ಅಂದರೆ ಡೀಫಾಲ್ಟ್ ರೂಟ್, ಕಾಣದಿದ್ದರೆ ಬ್ಯಾಕಪ್‌ನವರಿಗೆ ನಮ್ಮ ಬ್ಲಾಕ್ ಹೇಳು. ಫೈಬರ್ ಕಟ್ ಆಯಿತು. ಮೇನ್‌ನವರು ಕೊಟ್ಟ ಡೀಫಾಲ್ಟ್ ಹೋಯಿತು. ಆದರೆ ಬ್ಯಾಕಪ್‌ನವರೂ ನಿಮಗೆ ಡೀಫಾಲ್ಟ್ ಕೊಡುತ್ತಾರೆ, ಅಲ್ವಾ? ಅದು ಟೇಬಲ್‌ನಲ್ಲಿ ಹಾಗೇ ಕೂತಿತ್ತು. ರೂಟರ್ ನೋಡಿತು, ಡೀಫಾಲ್ಟ್ ಇದೆ, ಸುಮ್ಮನಾಯಿತು. ಮಳೆಗಾಲದಲ್ಲಿ ಸೇತುವೆ ಮುಳುಗುವ ಊರಲ್ಲಿ ನಿಂತು "ಪೇಟೆಗೆ ಯಾವುದಾದರೂ ದಾರಿ ಇದೆಯಾ" ಅಂತ ಕೇಳಿದ ಹಾಗಾಯಿತು. ಸುತ್ತು ದಾರಿ ಇದ್ದೇ ಇದೆಯಲ್ಲ, "ಇದೆ" ಅಂತಲೇ ಉತ್ತರ ಬರುತ್ತದೆ. ಸೇತುವೆ ಮುಳುಗಿತಾ ಅಂತ ಯಾರೂ ಕೇಳಲೇ ಇಲ್ಲ.

ಪಿಂಗ್ ಯಾಕೆ ಹೋಗುತ್ತಿತ್ತು ಅನ್ನೋದಕ್ಕೂ ಇಲ್ಲೇ ಉತ್ತರ ಇದೆ. ರೂಟರ್‌ನಿಂದ ಸುಮ್ನೆ ಪಿಂಗ್ ಕೊಟ್ಟರೆ ಅದು ಹೊರಗೆ ಹೋಗುವ ಇಂಟರ್‌ಫೇಸ್‌ನ ವಿಳಾಸ ಹಾಕಿಕೊಂಡು ಹೋಗುತ್ತದೆ. ಆ ವಿಳಾಸ ಬ್ಯಾಕಪ್ ಲಿಂಕಿಗೆಂದೇ ಇರುವ /30ರದ್ದು (ನಾಲ್ಕು ವಿಳಾಸದ ಪುಟ್ಟ ತುಂಡು), ಅಂದರೆ ಬ್ಯಾಕಪ್‌ನವರ ಸ್ವಂತ ಬ್ಲಾಕಿನದ್ದು. ಅದನ್ನು ಜಗತ್ತಿಗೆ ಅವರೇ ಅನೌನ್ಸ್ ಮಾಡುತ್ತಾರೆ, ಹಾಗಾಗಿ ಉತ್ತರ ವಾಪಸ್ ಬರುತ್ತದೆ. ಗ್ರಾಹಕರ ಪ್ಯಾಕೆಟ್ ಹೋಗುವುದು ನಿಮ್ಮ /24ರ ವಿಳಾಸದಿಂದ. ಹೋಗುವುದು ಹೋಗುತ್ತದೆ, ವಾಪಸ್ ಬರುವ ದಾರಿ ಜಗತ್ತಿಗೇ ಗೊತ್ತಿಲ್ಲ. ಇನ್ನು ಮೇಲೆ ಇಂಥ ಹೊತ್ತಲ್ಲಿ ಪಿಂಗ್ ಮಾಡುವಾಗ ಸೋರ್ಸ್ ಅಂತ ನಿಮ್ಮ /24ರ ಒಂದು ವಿಳಾಸ ಕೊಡಿ. ಎರಡು ಗಂಟೆಯ ತಲೆನೋವು ಎರಡು ನಿಮಿಷಕ್ಕೆ ಇಳಿಯುತ್ತದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನಿಮಗೆ ಕಂಡೀಷನಲ್ ಅಡ್ವರ್ಟೈಸ್‌ಮೆಂಟ್ ಬೇಕೇ ಬೇಕಿತ್ತಾ ಅಂತ ನನಗೆ ಅನುಮಾನ.

ಪ್ರಿಪೆಂಡ್ ಕೆಲಸ ಮಾಡಲಿಲ್ಲ ಅಂದಿರಿ. ಬಿಜಿಪಿ ದಾರಿ ಆರಿಸುವಾಗ ಎಎಸ್ ಪಾತ್ (ದಾರಿಯಲ್ಲಿ ಬರುವ ಎಎಸ್ ನಂಬರ್‌ಗಳ ಸಾಲು) ಎಷ್ಟು ಉದ್ದ ಅಂತ ನೋಡುವುದು ಆಮೇಲೆ. ಅದಕ್ಕೂ ಮೊದಲು ಲೋಕಲ್ ಪ್ರೆಫರೆನ್ಸ್, ಅಂದರೆ ಆಪರೇಟರ್ ತಾನೇ ಆ ದಾರಿಗೆ ಕೊಟ್ಟ ಅಂಕ, ನೋಡುತ್ತದೆ. ಬಹುತೇಕ ಎಲ್ಲಾ ಆಪರೇಟರ್‌ಗಳೂ ತಮ್ಮ ಗ್ರಾಹಕರಿಂದ ಬಂದ ರೂಟ್‌ಗೆ ಜಾಸ್ತಿ ಪ್ರೆಫರೆನ್ಸ್ ಕೊಡುತ್ತಾರೆ. ಗ್ರಾಹಕರ ಕಡೆ ಟ್ರಾಫಿಕ್ ಹೋದರೆ ದುಡ್ಡು ಬರುತ್ತದೆ, ಬೇರೆಯವರ ಕಡೆ ಹೋದರೆ ಕೈಯಿಂದ ಹೋಗಬಹುದು. ವ್ಯಾಪಾರದ ಲೆಕ್ಕ. ಹಾಗಾಗಿ ನೀವು ಆರಲ್ಲ, ಹದಿನಾರು ಸಲ ಪ್ರಿಪೆಂಡ್ ಮಾಡಿದರೂ ಬ್ಯಾಕಪ್‌ನವರ ರೂಟರ್ ಅದನ್ನು ಎಣಿಸುವ ಹಂತಕ್ಕೇ ಬರುವುದಿಲ್ಲ. ಅವರ ನೆಟ್‌ವರ್ಕ್ ಒಳಗಿರುವವರು, ಅವರ ಇತರ ಗ್ರಾಹಕರು ಎಲ್ಲರೂ ನೇರವಾಗಿ ಬ್ಯಾಕಪ್ ಲಿಂಕ್ ಹತ್ತುತ್ತಾರೆ.

ಇದಕ್ಕೆ ಹಳೆಯ ಔಷಧಿ ಇದೆ. 1996ರಲ್ಲಿ ಬಂದ ಆರ್‌ಎಫ್‌ಸಿ 1998 (ಇಂಟರ್ನೆಟ್‌ನ ತಾಂತ್ರಿಕ ದಾಖಲೆ, 1998 ಅನ್ನೋದು ಅದರ ಕ್ರಮಸಂಖ್ಯೆ) ಇದೇ ವಿಷಯದ್ದು. ಗ್ರಾಹಕ ತನ್ನ ರೂಟ್ ಜೊತೆ ಒಂದು ಕಮ್ಯುನಿಟಿ, ಅಂದರೆ ಒಂದು ಲೇಬಲ್, ಅಂಟಿಸಿ ಕಳಿಸುತ್ತಾನೆ, ಅದನ್ನು ನೋಡಿ ಅಪ್‌ಸ್ಟ್ರೀಮ್ (ಅವನಿಗೆ ಲೈನ್ ಕೊಟ್ಟ ಕಂಪನಿ) ತನ್ನ ಲೋಕಲ್ ಪ್ರೆಫರೆನ್ಸ್ ಇಳಿಸುತ್ತದೆ. ಆಗ ಬ್ಯಾಕಪ್‌ನವರೇ ನಿಮ್ಮನ್ನು ಮೇನ್‌ನವರ ಮೂಲಕ ತಲುಪುತ್ತಾರೆ. ನಿಮ್ಮ ಅನೌನ್ಸ್‌ಮೆಂಟ್ ಅವರ ಹತ್ತಿರ ಯಾವಾಗಲೂ ಇರುತ್ತದೆ, ಮೇನ್ ದಾರಿ ಹೋದ ಕೂಡಲೇ ಅದೇ ಮೇಲೆ ಬರುತ್ತದೆ. ಕಂಡೀಷನ್ ಇಲ್ಲ, ಕಾವಲು ಇಲ್ಲ, ತಪ್ಪಲು ಜಾಗವೂ ಇಲ್ಲ. ಬ್ಯಾಕಪ್‌ನವರ ಟೆಕ್ನಿಕಲ್ ಟೀಮ್‌ಗೆ ಒಂದು ಮೇಲ್ ಹಾಕಿ: "ಲೋಕಲ್ ಪ್ರೆಫರೆನ್ಸ್ ಇಳಿಸುವ ಕಮ್ಯುನಿಟಿ ಕೊಡುತ್ತೀರಾ?" ಕೊಡುತ್ತೇವೆ ಅಂದರೆ ಈ ಉತ್ತರದ ಉಳಿದ ಭಾಗ ನಿಮಗೆ ಬೇಡ. ನಾನು ನೋಡಿದ ಹಾಗೆ ಸೇಲ್ಸ್‌ನವರನ್ನು ಕೇಳಿದರೆ "ಇಲ್ಲ" ಅನ್ನುತ್ತಾರೆ, ರೂಟಿಂಗ್ ನೋಡುವವರನ್ನು ಕೇಳಿದರೆ "ಇದೆ" ಅನ್ನುತ್ತಾರೆ. ಸರಿಯಾದವರನ್ನು ಹುಡುಕಿ ಕೇಳಿ.

ಇನ್ನೊಂದು ಉಪಾಯವನ್ನೂ ಕೆಲವರು ಹೇಳಬಹುದು. ಎರಡೂ ಕಡೆ ದೊಡ್ಡ ಬ್ಲಾಕ್ ಹೇಳಿ, ಅದರ ಚಿಕ್ಕ ತುಂಡುಗಳನ್ನು ಮೇನ್‌ನಲ್ಲಿ ಮಾತ್ರ ಹೇಳುವುದು. ಚಿಕ್ಕ ತುಂಡೇ ಗೆಲ್ಲುತ್ತದೆ. ನಿಮ್ಮ ಹತ್ತಿರ ಇರುವುದು ಒಂದೇ /24, ಅದಕ್ಕಿಂತ ಚಿಕ್ಕದನ್ನು ಜಗತ್ತಿನಲ್ಲಿ ಬಹುತೇಕ ಯಾರೂ ತೆಗೆದುಕೊಳ್ಳುವುದಿಲ್ಲ. ಮರೆತುಬಿಡಿ.

ಕಮ್ಯುನಿಟಿ ಸಿಗಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗ ಕಂಡೀಷನಲ್ ಅಡ್ವರ್ಟೈಸ್‌ಮೆಂಟ್. ಸಿಸ್ಕೊ ಐಒಎಸ್‌ನಲ್ಲಿ (ಸಿಸ್ಕೊ ರೂಟರ್‌ಗಳ ಸಾಫ್ಟ್‌ವೇರ್) ಇದಕ್ಕೆ ಎರಡು ರೂಟ್ ಮ್ಯಾಪ್ (ರೂಟ್‌ಗಳನ್ನು ಆರಿಸುವ ನಿಯಮಗಳ ಪಟ್ಟಿ) ಬೇಕು. ಅಡ್ವರ್ಟೈಸ್ ಮ್ಯಾಪ್‌ನಲ್ಲಿ ಏನು ಹೇಳಬೇಕು ಅನ್ನೋದು ಇರುತ್ತದೆ. ಯಾವಾಗ ಹೇಳಬೇಕು ಅನ್ನೋದು ಇನ್ನೊಂದರಲ್ಲಿ. ಈ ಎರಡನೆಯದನ್ನು ಎಕ್ಸಿಸ್ಟ್ ಮ್ಯಾಪ್ ಅಂತ ಹಾಕಿದರೆ "ಆ ರೂಟ್ ಇದ್ದರೆ ಹೇಳು", ನಾನ್ ಎಕ್ಸಿಸ್ಟ್ ಮ್ಯಾಪ್ ಅಂತ ಹಾಕಿದರೆ "ಅದು ಇಲ್ಲದಿದ್ದರೆ ಹೇಳು". ನಿಮಗೆ ಬೇಕಾದ್ದು ಎರಡನೆಯದು. ಉದಾಹರಣೆಗೆ ನಿಮ್ಮ ಬ್ಲಾಕ್ 203.0.113.0/24 ಅಂದುಕೊಳ್ಳಿ. ಮೇನ್‌ನವರ ಎಎಸ್ 64501, ಬ್ಯಾಕಪ್‌ನವರ ಎಎಸ್ 64502, ಬ್ಯಾಕಪ್ ನೇಬರ್ (ಆ ಕಡೆಯ ರೂಟರ್) 198.51.100.1. ಇವೆಲ್ಲ ಉದಾಹರಣೆಗೆಂದೇ ಮೀಸಲಿಟ್ಟ ನಂಬರ್‌ಗಳು, ಹಾಗೇ ಕಾಪಿ ಮಾಡಬೇಡಿ. ಮುಖ್ಯವಾದ ಸಾಲು ಹೀಗಿರುತ್ತದೆ, ಟೈಪ್ ಮಾಡುವುದು ಇಂಗ್ಲಿಷ್‌ನಲ್ಲೇ ಅಂತ ಬೇರೆ ಹೇಳಬೇಕಿಲ್ಲ:

ನೇಬರ್ 198.51.100.1 ಅಡ್ವರ್ಟೈಸ್-ಮ್ಯಾಪ್ ನಮ್ಮ-ಬ್ಲಾಕ್ ನಾನ್-ಎಕ್ಸಿಸ್ಟ್-ಮ್ಯಾಪ್ ಮೇನ್-ಕಾವಲು

"ನಮ್ಮ-ಬ್ಲಾಕ್" ಮ್ಯಾಪ್‌ನಲ್ಲಿ 203.0.113.0/24ಕ್ಕೆ ಹೊಂದುವ ಪ್ರಿಫಿಕ್ಸ್ ಲಿಸ್ಟ್ (ವಿಳಾಸ ಬ್ಲಾಕ್‌ಗಳ ಪಟ್ಟಿ). ಅದರಲ್ಲಿ ಕಷ್ಟ ಏನಿಲ್ಲ. ಒಂದು ಮಾತು ಮಾತ್ರ: ಆ /24 ನಿಮ್ಮ ಬಿಜಿಪಿ ಟೇಬಲ್‌ನಲ್ಲಿ ಮೊದಲೇ ಇರಬೇಕು. ಇಲ್ಲದ್ದನ್ನು ಕಂಡೀಷನ್ ಹುಟ್ಟಿಸುವುದಿಲ್ಲ. ನಲ್0ಗೆ (ಬಂದದ್ದನ್ನು ಎಸೆದುಬಿಡುವ ಹುಸಿ ಇಂಟರ್‌ಫೇಸ್) ಒಂದು ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ) ಹಾಕಿ, ನೆಟ್‌ವರ್ಕ್ ಕಮಾಂಡ್‌ನಿಂದ ಬಿಜಿಪಿಗೆ ತಂದರೆ ಅದು ಯಾವ ಲಿಂಕ್ ಬಿದ್ದರೂ ಅಲ್ಲಾಡುವುದಿಲ್ಲ.

ಆಟ ಇರುವುದೆಲ್ಲ "ಮೇನ್-ಕಾವಲು" ಮ್ಯಾಪ್‌ನಲ್ಲಿ. ನಿಮ್ಮ ಕಾನ್ಫಿಗ್‌ಗೆ ಅತಿ ಚಿಕ್ಕ ರಿಪೇರಿ ಅಂದರೆ ಇದೇ ಮ್ಯಾಪ್‌ನಲ್ಲಿ ಡೀಫಾಲ್ಟ್ ರೂಟ್ ಜೊತೆಗೆ ಎಎಸ್ ಪಾತ್ ಮ್ಯಾಚ್ ಕೂಡ ಸೇರಿಸುವುದು. 64501ರಿಂದ ಶುರುವಾಗುವ ಪಾತ್, ಅಂದರೆ ಎಎಸ್ ಪಾತ್ ಲಿಸ್ಟ್‌ನಲ್ಲಿ ^64501_ ಅಂತ. ಆಗ ಪ್ರಶ್ನೆ "ಡೀಫಾಲ್ಟ್ ಇದೆಯಾ" ಅಂತಿದ್ದದ್ದು "ಮೇನ್‌ನವರು ಕೊಟ್ಟ ಡೀಫಾಲ್ಟ್ ಇದೆಯಾ" ಅಂತಾಗುತ್ತದೆ. ಮೇನ್ ಕಡೆಯಿಂದ ಬರುವುದಕ್ಕೆ ಲೋಕಲ್ ಪ್ರೆಫರೆನ್ಸ್ 200 ಕೊಟ್ಟಿಡಿ, ಅದೇ ಬೆಸ್ಟ್ ಪಾತ್ ಆಗಿರಲಿ. ಕಳೆದ ತಿಂಗಳ ಘಟನೆ ಇಷ್ಟರಿಂದಲೇ ತಪ್ಪುತ್ತಿತ್ತು.

ಆದರೆ ನಾನಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಡೀಫಾಲ್ಟ್ ರೂಟ್ ಅನ್ನೋದು ಕಾವಲಿಗೆ ಅಷ್ಟು ಒಳ್ಳೆಯದಲ್ಲ. ಎಷ್ಟೋ ಅಪ್‌ಸ್ಟ್ರೀಮ್‌ಗಳು ಅದನ್ನು ನಿಮಗೆ ತಾಗಿರುವ ಎಡ್ಜ್ ರೂಟರ್‌ನಲ್ಲೇ ಹುಟ್ಟಿಸಿ ಕೊಡುತ್ತವೆ. ಅವರ ಎಡ್ಜ್‌ನಿಂದ ಮುಂದಕ್ಕೆ, ಬೆಂಗಳೂರಿನ ಕಡೆಗೆ, ಫೈಬರ್ ಕಟ್ ಆಗಿದ್ದರೂ ಆ ಎಡ್ಜ್ "ನನ್ನ ಹತ್ತಿರ ಬನ್ನಿ, ಎಲ್ಲಿಗೆ ಬೇಕಾದರೂ ಕಳಿಸುತ್ತೇನೆ" ಅಂತಲೇ ಹೇಳುತ್ತಿರುತ್ತದೆ. ನಿಮ್ಮ ಸೆಷನ್ ಅಪ್, ಡೀಫಾಲ್ಟ್ ಇದೆ, ಕಾವಲುಗಾರನಿಗೆ ಎಲ್ಲ ಸರಿ ಇದೆ. ಇಂಟರ್ನೆಟ್ ಮಾತ್ರ ಇಲ್ಲ. ಅವರ ಸ್ವಂತ ದೊಡ್ಡ ಬ್ಲಾಕನ್ನು ಕಾವಲಿಗೆ ಇಟ್ಟರೂ ಇದೇ ಕಥೆ. ಅದನ್ನೂ ನಲ್0 ಮೇಲೆ ಕೂರಿಸಿ ಅಲ್ಲೇ ಹುಟ್ಟಿಸಿರಬಹುದು.

ಕಾವಲಿಗೆ ಬೇಕಾದ್ದು ದೂರದ ರೂಟ್. ಮೇನ್‌ನವರ ನೆಟ್‌ವರ್ಕ್ ದಾಟಿ, ಇನ್ಯಾರದೋ ಎಎಸ್‌ನಲ್ಲಿ ಹುಟ್ಟಿ, ಮೇನ್‌ನವರ ಮೂಲಕ ನಿಮಗೆ ಬಂದದ್ದು. ಅದು ಟೇಬಲ್‌ನಲ್ಲಿ ಇದೆ ಅಂದರೆ ನಡುವಿನ ದಾರಿ ಇದೆ ಅನ್ನೋದಕ್ಕೆ ಸ್ವಲ್ಪವಾದರೂ ಸಾಕ್ಷಿ. ವರ್ಷಗಳಿಂದ ಅಲ್ಲಾಡದ, ನಾಳೆ ಅಂಗಡಿ ಮುಚ್ಚದ ನೆಟ್‌ವರ್ಕ್‌ಗಳನ್ನು ಆರಿಸಿ. ನನ್ನ ಪಟ್ಟಿಯಲ್ಲಿ ಸಾಮಾನ್ಯವಾಗಿ ಆಮ್‌ಸ್ಟರ್‌ಡ್ಯಾಮ್‌ನ ರೈಪ್ ಎನ್‌ಸಿಸಿಯ (ಯುರೋಪಿನ ಕಡೆ ಐಪಿ ವಿಳಾಸ ಹಂಚುವ ಸಂಸ್ಥೆ) 193.0.0.0/21, ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ 128.223.0.0/16 ಇರುತ್ತವೆ, ಜೊತೆಗೆ ದೇಶದೊಳಗಿನ ಒಂದು ದೊಡ್ಡ ನೆಟ್‌ವರ್ಕ್. 8.8.8.0/24 ಹಾಕಲು ಕೈ ತುರಿಸುತ್ತದೆ, ಬೇಡ. ಅದು ಎನಿಕಾಸ್ಟ್. ಜಗತ್ತಿನ ಹತ್ತಾರು ಕಡೆಯಿಂದ ಅನೌನ್ಸ್ ಆಗುತ್ತದೆ, ನಿಮಗೆ ಸಿಗುವುದು ಹತ್ತಿರದ್ದು. ಮೇನ್‌ನವರ ಉಳಿದ ದಾರಿ ಎಲ್ಲ ಹಾಳಾಗಿದ್ದರೂ ಅದೊಂದು ಉಳಿದುಕೊಂಡಿರಬಹುದು. ಯಾವುದನ್ನು ಹಾಕಿದರೂ ಮೊದಲು ನಿಮ್ಮ ಟೇಬಲ್‌ನಲ್ಲಿ ಅದು ಯಾವ ಉದ್ದದಲ್ಲಿ ಬರುತ್ತಿದೆ ನೋಡಿ. ಪ್ರಿಫಿಕ್ಸ್ ಲಿಸ್ಟ್‌ನಲ್ಲಿ /21 ಅಂತ ಬರೆದು ಟೇಬಲ್‌ಗೆ ಅದು ಎರಡು /22 ಆಗಿ ಬರುತ್ತಿದ್ದರೆ ಯಾವತ್ತೂ ಹೊಂದುವುದಿಲ್ಲ.

ಒಂದೇ ಸಾಕಲ್ವಾ, ಮೂರು ಯಾಕೆ? ನಾನು ಒಂದನ್ನೇ ನಂಬಿ ಕೆಟ್ಟವನು. ವರ್ಷಗಳ ಹಿಂದೆ ಒಬ್ಬ ಗ್ರಾಹಕರಿಗೆ ಇಂಥದ್ದೇ ಸೆಟಪ್ ಮಾಡಿಕೊಟ್ಟಿದ್ದೆ. ಕಾವಲಿಗೆ ಅಂತ ಒಂದು ಮಧ್ಯಮ ಗಾತ್ರದ ಕಂಪನಿಯ ಪ್ರಿಫಿಕ್ಸ್ ಇಟ್ಟಿದ್ದೆ. ನೋಡಲು ಗಟ್ಟಿಯಾಗಿತ್ತು. ಒಂದು ದಿನ ಆ ಕಂಪನಿ ತನ್ನ ಬ್ಲಾಕನ್ನು ತುಂಡು ಮಾಡಿ ಅನೌನ್ಸ್ ಮಾಡಲು ಶುರು ಮಾಡಿತು, ಹಳೆಯ ದೊಡ್ಡ ರೂಟ್ ಮಾಯ. ನಮ್ಮ ರೂಟರ್ ಮೇನ್ ಸತ್ತಿದೆ ಅಂತ ತಿಳಿದು ಬ್ಯಾಕಪ್‌ನಲ್ಲಿ ಅನೌನ್ಸ್ ಮಾಡಿತು. ಯಾರಿಗೂ ಏನೂ ಗೊತ್ತಾಗಲಿಲ್ಲ, ಎಲ್ಲ ಓಡುತ್ತಿತ್ತಲ್ಲ. ತಿಂಗಳ ಕೊನೆಗೆ ಬಿಲ್ ಬಂದಾಗ ಗೊತ್ತಾಯಿತು. ಆ ಫೋನ್ ಕಾಲ್ ಇನ್ನೂ ಕಿವಿಯಲ್ಲಿದೆ. ಪ್ರಿಫಿಕ್ಸ್ ಲಿಸ್ಟ್‌ನಲ್ಲಿ ಮೂರು ಸಾಲು ಇದ್ದರೆ ಅದರಲ್ಲಿ ಯಾವುದಾದರೂ ಒಂದು ಕಂಡರೂ "ಇದೆ" ಅಂತ ಲೆಕ್ಕ. ಮೂರೂ ಹೋದರೆ ಮಾತ್ರ ಬ್ಯಾಕಪ್ ಏಳುತ್ತದೆ.

ಈ ಮೂರು ರೂಟ್ ಬರಬೇಕಾದರೆ ಮೇನ್‌ನವರು ನಿಮಗೆ ಡೀಫಾಲ್ಟ್ ಮಾತ್ರ ಅಲ್ಲ, ಪೂರ್ತಿ ಟೇಬಲ್ ಕಳಿಸಬೇಕು. ಪೂರ್ತಿ ಐಪಿವಿ4 ಟೇಬಲ್ ಅಂದರೆ 9 ಲಕ್ಷಕ್ಕೂ ಜಾಸ್ತಿ ರೂಟ್. ನಿಮ್ಮ ಸಣ್ಣ ರೂಟರ್ ಅಷ್ಟನ್ನು ಹೊರಲಾರದು. ಹೊರಬೇಕಾಗಿಯೂ ಇಲ್ಲ. ಇನ್‌ಬೌಂಡ್ ಫಿಲ್ಟರ್ ಹಾಕಿ ಡೀಫಾಲ್ಟ್ ಮತ್ತು ಈ ಮೂರನ್ನು ಮಾತ್ರ ಒಳಗೆ ಬಿಡಿ, ಉಳಿದದ್ದು ಬಾಗಿಲಲ್ಲೇ ಬಿದ್ದುಹೋಗುತ್ತದೆ. ಸೆಷನ್ ಏಳುವಾಗ ಸ್ವಲ್ಪ ಹೊತ್ತು ಸಿಪಿಯು ಏದುಸಿರು ಬಿಡುತ್ತದೆ, ಅಷ್ಟೇ. ಸಾಫ್ಟ್ ರೀಕಾನ್ಫಿಗರೇಷನ್ ಇನ್‌ಬೌಂಡ್ ಮಾತ್ರ ಆನ್ ಮಾಡಬೇಡಿ. ಮಾಡಿದರೆ ಎಸೆದ ರೂಟ್‌ಗಳನ್ನೂ ಮೆಮೊರಿಯಲ್ಲಿ ಇಟ್ಟುಕೊಂಡು ರೂಟರ್ ಮಲಗಿಬಿಡುತ್ತದೆ. ಬ್ಯಾಕಪ್ ಕಡೆ ಈ ಮೂರನ್ನು ಫಿಲ್ಟರ್‌ನಲ್ಲೇ ತಡೆದುಬಿಡಿ. ಆಗ ಇವು ಟೇಬಲ್‌ನಲ್ಲಿ ಇದ್ದರೆ ಮೇನ್‌ನಿಂದಲೇ ಬಂದಿರಬೇಕು. ಎಎಸ್ ಪಾತ್ ಮ್ಯಾಚ್ ಇರಲಿ, ನಾಳೆ ಯಾರೋ ಫಿಲ್ಟರ್ ತೆಗೆದರೂ ಕಾಪಾಡುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಕಂಡೀಷನಲ್ ಅಡ್ವರ್ಟೈಸ್‌ಮೆಂಟ್ ಸರಿ ಮಾಡುವುದು ಒಳಗೆ ಬರುವ ಟ್ರಾಫಿಕ್ ಮಾತ್ರ. ಮೇನ್‌ನವರ ಎಡ್ಜ್ ಆಚೆ ಕಟ್ ಆಯಿತು ಅನ್ನಿ. ಮೂರೂ ರೂಟ್ ಹೋದವು, ಬ್ಯಾಕಪ್ ಅನೌನ್ಸ್ ಆಯಿತು, ಒಳಗೆ ಬರುವುದು ಬ್ಯಾಕಪ್‌ನಲ್ಲಿ ಬಂತು. ಹೊರಗೆ ಹೋಗುವುದು? ಎಡ್ಜ್ ಇನ್ನೂ ಡೀಫಾಲ್ಟ್ ಕೊಡುತ್ತಿದ್ದರೆ, ಅದಕ್ಕೆ ನೀವು 200 ಪ್ರೆಫರೆನ್ಸ್ ಬೇರೆ ಕೊಟ್ಟಿದ್ದೀರಿ, ಹೊರಗಿನದ್ದೆಲ್ಲ ಮೇನ್ ಕಡೆ ಹೋಗಿ ಗುಂಡಿಗೆ ಬೀಳುತ್ತದೆ. ಮೇನ್‌ನವರನ್ನು ಕೇಳಿ: ನಿಮ್ಮ ಡೀಫಾಲ್ಟ್ ಕೋರ್‌ನಿಂದ (ನೆಟ್‌ವರ್ಕ್‌ನ ನಡುಭಾಗದಿಂದ) ಬರುತ್ತದಾ, ಎಡ್ಜ್‌ನಲ್ಲೇ ಹುಟ್ಟುತ್ತದಾ? ಕೋರ್‌ನಿಂದ ಅಂದರೆ ಒಳ್ಳೆಯದು. ಎಡ್ಜ್ ಅಂದರೆ ಅವರ ಡೀಫಾಲ್ಟ್ ತೆಗೆದುಕೊಳ್ಳಲೇಬೇಡಿ. ಬದಲಿಗೆ ಮೇನ್ ಕಡೆಗೆ ಒಂದು ಸ್ಟ್ಯಾಟಿಕ್ ಡೀಫಾಲ್ಟ್ ಹಾಕಿ ಅದನ್ನು ಐಪಿ ಎಸ್‌ಎಲ್‌ಎ ಪಿಂಗ್‌ಗೆ (ರೂಟರ್ ತಾನಾಗಿ ಆಗಾಗ ಮಾಡುವ ಪಿಂಗ್) ಕಟ್ಟಿ. ದೂರದ ವಿಳಾಸಕ್ಕೆ ಪಿಂಗ್ ನಿಂತರೆ ಸ್ಟ್ಯಾಟಿಕ್ ಬೀಳುತ್ತದೆ, ಬ್ಯಾಕಪ್‌ನವರ ಬಿಜಿಪಿ ಡೀಫಾಲ್ಟ್ ಮೇಲೆ ಬರುತ್ತದೆ. ಪಿಂಗ್ ಹೋಗುವ ಆ ಒಂದು ವಿಳಾಸಕ್ಕೆ ಮೇನ್ ಕಡೆಗೇ /32 ರೂಟ್ ಇರಲಿ. ಇಲ್ಲದಿದ್ದರೆ ಪಿಂಗ್ ಬ್ಯಾಕಪ್‌ನಲ್ಲಿ ಹೋಗಿ "ಮೇನ್ ಬಂತು" ಅನ್ನುತ್ತದೆ, ಮತ್ತೆ ಬೀಳುತ್ತದೆ, ಮತ್ತೆ ಏಳುತ್ತದೆ.

ಎಷ್ಟು ಹೊತ್ತಿಗೆ ಬ್ಯಾಕಪ್ ಏಳುತ್ತದೆ ಅಂತ ನೀವು ಕೇಳಿಲ್ಲ, ನಿಮ್ಮ ಗ್ರಾಹಕರು ಕೇಳುತ್ತಾರೆ. ಐಒಎಸ್‌ನಲ್ಲಿ ಈ ಕಂಡೀಷನ್ ನೋಡುವುದು ಬಿಜಿಪಿ ಸ್ಕ್ಯಾನರ್, ಅದು 60 ಸೆಕೆಂಡಿಗೊಮ್ಮೆ ಓಡುತ್ತದೆ. ಅದಕ್ಕೂ ಮೊದಲು ಮೇನ್ ಸೆಷನ್ ಬಿದ್ದಿದೆ ಅಂತ ರೂಟರ್‌ಗೆ ಗೊತ್ತಾಗಬೇಕು. ಪೋರ್ಟ್ ಡೌನ್ ಆದರೆ ತಕ್ಷಣ ಗೊತ್ತಾಗುತ್ತದೆ. ಆದರೆ ನಮ್ಮ ಕಡೆ ನಡುವೆ ಒಂದು ಮೀಡಿಯಾ ಕನ್ವರ್ಟರ್ ಇಲ್ಲವೇ ಸ್ವಿಚ್ ಇದ್ದೇ ಇರುತ್ತದೆ. ಹತ್ತು ಕಿಲೋಮೀಟರ್ ಆಚೆ ಜೆಸಿಬಿ ಫೈಬರ್ ಕಿತ್ತರೂ ನಿಮ್ಮ ಪೋರ್ಟಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಆಗ ಹೋಲ್ಡ್ ಟೈಮರ್ (ಆ ಕಡೆಯಿಂದ ಸದ್ದೇ ಇಲ್ಲದಿದ್ದರೆ ಸೆಷನ್ ಸತ್ತಿತು ಅನ್ನುವ ಗಡುವು) ಮುಗಿಯುವವರೆಗೂ ಕಾಯಬೇಕು. ಸಿಸ್ಕೊದಲ್ಲಿ ಡೀಫಾಲ್ಟ್ 180 ಸೆಕೆಂಡ್. ಅದರ ಮೇಲೆ ಸ್ಕ್ಯಾನರ್‌ನ 60, ಅದರ ಮೇಲೆ ಜಗತ್ತಿಗೆ ಸುದ್ದಿ ಹರಡುವ ಹೊತ್ತು. ಸುಮಾರು ನಾಲ್ಕೈದು ನಿಮಿಷ. ಮೇನ್‌ನವರು ಒಪ್ಪಿದರೆ ಬಿಎಫ್‌ಡಿ (ಲಿಂಕ್ ಬಿದ್ದದ್ದನ್ನು ಬೇಗ ಕಂಡುಹಿಡಿಯುವ ಪ್ರೋಟೋಕಾಲ್) ಹಾಕಿಸಿಕೊಳ್ಳಿ, 180 ಸೆಕೆಂಡ್ ಇದ್ದದ್ದು ಒಂದು ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಒಪ್ಪದಿದ್ದರೆ ಕೀಪ್‌ಅಲೈವ್ (ಬದುಕಿದ್ದೇನೆ ಅಂತ ಕಳಿಸುವ ಸಂದೇಶ) 10, ಹೋಲ್ಡ್ 30 ಮಾಡಿ. ಸ್ಕ್ಯಾನರ್‌ನ ಒಂದು ನಿಮಿಷದ ಜೊತೆ ಜಗಳ ಆಡಬೇಡಿ, ಅದರಿಂದ ಸಿಗುವುದು ಅಷ್ಟರಲ್ಲೇ ಇದೆ.

ನೀವು ಲಿನಕ್ಸ್ ಡಬ್ಬಿಯಲ್ಲಿ ಎಫ್‌ಆರ್‌ಆರ್ (ಉಚಿತ ರೂಟಿಂಗ್ ಸಾಫ್ಟ್‌ವೇರ್) ಓಡಿಸುತ್ತಿದ್ದರೂ ಕಮಾಂಡ್ ಬಹುತೇಕ ಇದೇ. ಅಲ್ಲೂ ಡೀಫಾಲ್ಟ್ 60 ಸೆಕೆಂಡ್, ಬೇಕಾದರೆ ಕಡಿಮೆ ಮಾಡಬಹುದು. ಜೂನಿಪರ್‌ನಲ್ಲಿ ದಾರಿ ಬೇರೆ. ಅಲ್ಲಿ "ಈ ರೂಟ್ ಇದ್ದರೆ" ಅನ್ನುವ ಕಂಡೀಷನ್ ಮಾತ್ರ ಬರೆಯಲು ಬರುತ್ತದೆ, "ಇಲ್ಲದಿದ್ದರೆ" ಅಂತ ನೇರವಾಗಿ ಇಲ್ಲ. ಹಾಗಾಗಿ ಎಕ್ಸ್‌ಪೋರ್ಟ್ ಪಾಲಿಸಿಯಲ್ಲಿ ಮೊದಲ ಟರ್ಮ್ "ಕಾವಲು ರೂಟ್ ಇದ್ದರೆ ನಮ್ಮ ಬ್ಲಾಕ್ ರಿಜೆಕ್ಟ್", ಮುಂದಿನ ಟರ್ಮ್ "ನಮ್ಮ ಬ್ಲಾಕ್ ಅಕ್ಸೆಪ್ಟ್" ಅಂತ ಬರೆಯಬೇಕು. ತಿರುವುಮುರುವು ಅನ್ನಿಸಿದರೂ ಕೆಲಸ ಅದೇ.

ಇನ್ನು ಕಾವಲು ತಪ್ಪಿದರೆ ಏನಾಗುತ್ತದೆ ಅನ್ನೋದು. ಹಾಕುವ ಮೊದಲು ಯೋಚಿಸಬೇಕಾದ್ದು ಇದನ್ನೇ. 2021ರ ಅಕ್ಟೋಬರ್ 4ರ ಸೋಮವಾರ ರಾತ್ರಿ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ನಿಂತಿದ್ದು ನೆನಪಿದೆಯಾ? ನಮ್ಮಲ್ಲಿ ಆಗ 9 ಗಂಟೆ ದಾಟಿತ್ತು. ಸುಮಾರು ಆರು ಗಂಟೆ ಕಾಲ ಬರಲಿಲ್ಲ. ಅದರ ಒಳಗಿದ್ದದ್ದು ನೀವು ಹಾಕಿದಂಥದ್ದೇ ಕಂಡೀಷನ್. ಫೇಸ್‌ಬುಕ್‌ನ ಡಿಎನ್‌ಎಸ್ ಸರ್ವರ್‌ಗಳು (ಸೈಟಿನ ಹೆಸರಿಗೆ ಐಪಿ ವಿಳಾಸ ಹೇಳುವಂಥವು) ತಮ್ಮ ಡೇಟಾ ಸೆಂಟರ್‌ಗಳ ಜೊತೆ ಮಾತಾಡಲು ಆಗದಿದ್ದರೆ "ನನ್ನ ಕಡೆ ಏನೋ ಸರಿ ಇಲ್ಲ" ಅಂತ ತಮ್ಮ ಬಿಜಿಪಿ ಅನೌನ್ಸ್‌ಮೆಂಟ್ ತಾವೇ ವಾಪಸ್ ತೆಗೆದುಕೊಳ್ಳುವ ಹಾಗೆ ಮಾಡಿದ್ದರು. ಒಂದು ಊರಿನ ಸರ್ವರ್ ಕೆಟ್ಟರೆ ಇದು ಬಹಳ ಒಳ್ಳೆಯ ಏರ್ಪಾಡು, ಜನ ಪಕ್ಕದ ಊರಿನದ್ದಕ್ಕೆ ಹೋಗುತ್ತಾರೆ. ಆ ದಿನ ಮೇಂಟೆನೆನ್ಸ್ ವೇಳೆ ಕೊಟ್ಟ ಒಂದು ಕಮಾಂಡ್ ಅವರ ಇಡೀ ಬ್ಯಾಕ್‌ಬೋನ್ ಅನ್ನು ಬೀಳಿಸಿತು. ಅಂಥ ಕಮಾಂಡ್ ತಡೆಯಬೇಕಿದ್ದ ಟೂಲ್‌ನಲ್ಲಿ ಬಗ್ ಇತ್ತು. ಎಲ್ಲ ಊರಿನ ಸರ್ವರ್‌ಗಳಿಗೂ ಒಂದೇ ಸಲ ಡೇಟಾ ಸೆಂಟರ್ ಕಾಣದಾಯಿತು. ಎಲ್ಲವೂ ಒಂದೇ ಸಲ ಅನೌನ್ಸ್‌ಮೆಂಟ್ ತೆಗೆದವು. ಸರ್ವರ್‌ಗಳು ಚೆನ್ನಾಗೇ ಇದ್ದವು, ಅವುಗಳ ವಿಳಾಸ ಇಂಟರ್ನೆಟ್‌ನಿಂದಲೇ ಹೋಗಿತ್ತು.

ಅಲ್ಲಿ ಕಂಡೀಷನ್ ತಪ್ಪಿದರೆ ಅನೌನ್ಸ್‌ಮೆಂಟ್ ನಿಲ್ಲುತ್ತಿತ್ತು. ನಿಮ್ಮ ನಾನ್ ಎಕ್ಸಿಸ್ಟ್ ಮ್ಯಾಪ್‌ನಲ್ಲಿ ಕಾವಲು ರೂಟ್ ಸುಮ್ಮಸುಮ್ಮನೆ ಮಾಯವಾದರೆ ಅನೌನ್ಸ್‌ಮೆಂಟ್ ಶುರುವಾಗುತ್ತದೆ. ಅಂದರೆ ತಪ್ಪಿದರೂ ಹೋಗುವುದು ದುಡ್ಡು, ಸೇವೆ ಅಲ್ಲ. ಅದೂ ಎಷ್ಟು ದುಡ್ಡು? 95 ಪರ್ಸೆಂಟೈಲ್ ಬಿಲ್ ಅಂದರೆ ಸಾಮಾನ್ಯವಾಗಿ ಐದೈದು ನಿಮಿಷಕ್ಕೆ ಒಂದು ಅಳತೆ, ತಿಂಗಳ ಎಲ್ಲ ಅಳತೆಗಳಲ್ಲಿ ಮೇಲಿನ 5 ಪರ್ಸೆಂಟ್ ಬಿಟ್ಟುಬಿಡುತ್ತಾರೆ. 30 ದಿನ ಅಂದರೆ 720 ಗಂಟೆ, ಅದರ 5 ಪರ್ಸೆಂಟ್ ಅಂದರೆ 36 ಗಂಟೆ. ತಿಂಗಳಿಗೆ ಒಟ್ಟು 36 ಗಂಟೆಯ ಒಳಗೆ ಬ್ಯಾಕಪ್ ತುಂಬಿ ಹರಿದರೂ ಬಿಲ್ ಮೇಲೆ ಏನೂ ಆಗದು. ಹಾಗಿರುವಾಗ ಬ್ಯಾಕಪ್ ಅನ್ನು ಅಷ್ಟು ಬಿಗಿಯಾಗಿ ಕಟ್ಟಿಡುವ ಅಗತ್ಯವೇ ಇಲ್ಲ. ಅನುಮಾನ ಬಂದರೆ ಅನೌನ್ಸ್ ಆಗಲಿ ಅನ್ನುವ ಕಡೆಗೇ ವಾಲಿಸಿ. ಮತ್ತೆ ಬ್ಯಾಕಪ್‌ನಲ್ಲಿ ಅನೌನ್ಸ್ ಶುರುವಾದಾಗ ನಿಮ್ಮ ಫೋನ್‌ಗೆ ಅಲರ್ಟ್ ಬರುವ ಹಾಗೆ ಮಾಡಿ. ನನ್ನ ಹಳೆಯ ಗ್ರಾಹಕರ ಹತ್ತಿರ ಆ ಅಲರ್ಟ್ ಇದ್ದಿದ್ದರೆ ಬಿಲ್ ಬರುವವರೆಗೂ ಕಾಯಬೇಕಿರಲಿಲ್ಲ.

ಈ ಕಾವಲಿಗೆ ಕಾಣದ ಒಂದು ಕಾಯಿಲೆ ಇದೆ. ಮೇನ್‌ನವರು ನಿಮಗೆ ಎಲ್ಲ ರೂಟ್ ಕೊಡುತ್ತಿದ್ದಾರೆ, ಆದರೆ ನಿಮ್ಮ /24ನ್ನು ತಮ್ಮ ಫಿಲ್ಟರ್‌ನಲ್ಲಿ ತಪ್ಪಾಗಿ ಎಸೆದಿದ್ದಾರೆ. ನಿಮಗೆ ಎಲ್ಲರ ಮಾತು ಕೇಳಿಸುತ್ತಿದೆ, ನಿಮ್ಮ ಮಾತು ಯಾರಿಗೂ ಕೇಳುತ್ತಿಲ್ಲ. ರೂಟರ್‌ಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ನಿಮ್ಮ ರೂಟ್ ಸುತ್ತಿ ವಾಪಸ್ ಬಂದರೂ ಪಾತ್‌ನಲ್ಲಿ ನಿಮ್ಮದೇ ಎಎಸ್ ನಂಬರ್ ನೋಡಿ ಲೂಪ್ ಅಂತ ಎಸೆದುಬಿಡುತ್ತದೆ. ಇದಕ್ಕೆ ಹೊರಗೆ ಯಾವುದಾದರೂ ಕ್ಲೌಡ್‌ನಲ್ಲಿ ಒಂದು ಪುಟ್ಟ ಸರ್ವರ್ ಇಟ್ಟು ಅಲ್ಲಿಂದ ನಿಮ್ಮ /24ರ ಒಂದು ವಿಳಾಸಕ್ಕೆ ಪಿಂಗ್ ಮಾಡಿಸುತ್ತಿರಿ. ಅತಿ ಅಗ್ಗದ ಸರ್ವರ್ ಸಾಕು.

ಮುಂದೆ ಎಂದಾದರೂ ಮೇನ್ ಒಂದು ರೂಟರ್‌ಗೆ, ಬ್ಯಾಕಪ್ ಇನ್ನೊಂದಕ್ಕೆ ಮಾಡಿದರೆ ಒಂದು ಮಾತು ನೆನಪಿಡಿ. ಕಾವಲು ರೂಟ್ ಎರಡನೆಯ ರೂಟರ್‌ಗೆ ಬರುವುದು ಐಬಿಜಿಪಿ (ಒಂದೇ ನೆಟ್‌ವರ್ಕ್‌ನ ರೂಟರ್‌ಗಳ ನಡುವಿನ ಬಿಜಿಪಿ) ಮೂಲಕ. ಎರಡರ ನಡುವಿನ ಕೇಬಲ್ ಕಿತ್ತರೂ ಅದಕ್ಕೆ ಮೇನ್ ಸತ್ತ ಹಾಗೇ ಕಾಣುತ್ತದೆ. ಆಗ ಅನೌನ್ಸ್ ಮಾಡಿಬಿಡುತ್ತದೆ, ಗ್ರಾಹಕರೆಲ್ಲ ಮೊದಲನೆಯದರ ಹಿಂದೆ ಇದ್ದರೆ ಬಂದ ಟ್ರಾಫಿಕ್ ಎಲ್ಲಿಗೂ ಹೋಗದು. ನಡುವೆ ಎರಡು ಕೇಬಲ್ ಹಾಕಿ.

ಕೊನೆಗೆ ಪರೀಕ್ಷೆ. ಬ್ಯಾಕಪ್‌ನಲ್ಲಿ ನೀವು ಅನೌನ್ಸ್ ಮಾಡುವುದೇ ಅಪರೂಪ ಆದ್ದರಿಂದ ಅಲ್ಲಿ ಏನು ತುಕ್ಕು ಹಿಡಿದಿದೆ ಅಂತ ಗೊತ್ತೇ ಇರುವುದಿಲ್ಲ. ಬ್ಯಾಕಪ್‌ನವರ ಫಿಲ್ಟರ್‌ನಲ್ಲಿ ನಿಮ್ಮ /24 ಇದೆಯಾ? ಐಆರ್‌ಐಎನ್‌ಎನ್ (ಭಾರತದಲ್ಲಿ ಐಪಿ ವಿಳಾಸ ನೋಂದಾಯಿಸುವ ಸಂಸ್ಥೆ) ಹತ್ತಿರ ಮಾಡಿಸಿದ ಆರ್‌ಒಎ (ಈ ಬ್ಲಾಕನ್ನು ಯಾವ ಎಎಸ್ ಅನೌನ್ಸ್ ಮಾಡಬಹುದು ಅನ್ನುವ ಸಹಿ ಮಾಡಿದ ದಾಖಲೆ) ಇನ್ನೂ ಚಾಲ್ತಿಯಲ್ಲಿದೆಯಾ, ಅದರಲ್ಲಿ ನಿಮ್ಮ ಎಎಸ್ ನಂಬರ್ ಸರಿ ಇದೆಯಾ? ಬೆಳಗಿನ ಜಾವ ಮೂರು ಗಂಟೆಗೆ ಮೇನ್ ನೇಬರ್ ಅನ್ನು ಶಟ್‌ಡೌನ್ ಮಾಡಿ. ಒಂದು ನಿಮಿಷ ಕಾಯಿರಿ. ಬ್ಯಾಕಪ್ ನೇಬರ್‌ನ ಶೋ ಐಪಿ ಬಿಜಿಪಿ ನೇಬರ್ಸ್ ಔಟ್‌ಪುಟ್‌ನಲ್ಲಿ ಹುಡುಕಿ. ನಿಮ್ಮ ಎರಡು ಮ್ಯಾಪ್‌ಗಳ ಹೆಸರಿನ ಪಕ್ಕ ಸ್ಟೇಟಸ್ ಅಂತ ಇರುತ್ತದೆ. ಮಾಮೂಲಿ ದಿನಗಳಲ್ಲಿ ಅದು "ವಿತ್‌ಡ್ರಾ" ಅನ್ನಬೇಕು, ಈಗ "ಅಡ್ವರ್ಟೈಸ್" ಆಗಿರಬೇಕು. ಅದು ನಿಮ್ಮ ರೂಟರ್ ಹೇಳಿದ್ದು ಅಷ್ಟೇ, ಜಗತ್ತು ಕೇಳಿತಾ ಅಂತ ನೋಡಲು ರೂಟ್‌ವ್ಯೂಸ್ ಇಲ್ಲವೇ ರೈಪ್‌ಸ್ಟ್ಯಾಟ್ (ಜಗತ್ತಿಗೆ ಯಾವ ರೂಟ್ ಕಾಣುತ್ತಿದೆ ಅಂತ ತೋರಿಸುವ ಸೇವೆಗಳು) ತೆರೆದು ನಿಮ್ಮ /24 ಹಾಕಿ. ಪಾತ್‌ನಲ್ಲಿ ಬ್ಯಾಕಪ್‌ನವರ ಎಎಸ್ ಕಾಣಬೇಕು. ಆರು ಸಲದ ಪ್ರಿಪೆಂಡ್ ಇನ್ನೂ ಹಾಗೇ ಇದ್ದರೆ ಅದೂ ಅಲ್ಲಿ ಕಾಣುತ್ತದೆ. ತೆಗೆದುಹಾಕಿ, ಈಗ ಅದರಿಂದ ಏನೂ ಉಪಯೋಗ ಇಲ್ಲ.

ಐಪಿವಿ6 ಬಗ್ಗೆ: ಹೌದು, ಇದನ್ನೇ ಮಾಡಬಹುದು. ಆದರೆ ತಾನಾಗಿ ಬರುವುದಿಲ್ಲ, ಐಪಿವಿ6 ಅಡ್ರೆಸ್ ಫ್ಯಾಮಿಲಿ ಒಳಗೆ ಬೇರೆಯೇ ಮ್ಯಾಪ್‌ಗಳು, ಬೇರೆಯೇ ಕಾವಲು ರೂಟ್‌ಗಳು ಬೇಕು. ಅಲ್ಲಿ ಜಗತ್ತು ಒಪ್ಪುವ ಅತಿ ಚಿಕ್ಕ ತುಂಡು /48. ನಿಮಗೆ ಸಿಕ್ಕಿರುವುದು /32 ಆಗಿದ್ದರೆ ನಿಮ್ಮ ಕೆಲಸ ಇನ್ನೂ ಸುಲಭ. /32 ಎರಡೂ ಕಡೆ ಹೇಳಿ, ಅದರ ಎರಡು /33 ಮೇನ್‌ನಲ್ಲಿ ಮಾತ್ರ ಹೇಳಿ. ಆರ್‌ಒಎಯಲ್ಲಿ ಗರಿಷ್ಠ ಉದ್ದ 33 ಅಂತ ಮೊದಲೇ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಆ /33ಗಳು ಇನ್‌ವ್ಯಾಲಿಡ್ ಆಗಿ ಬಿದ್ದುಹೋಗುತ್ತವೆ. ಅಲ್ಲಿ ಕಂಡೀಷನ್ ಬೇಕಾಗಿಯೇ ಇಲ್ಲ.